ಅಕಾಡೆಮಿ ಬಿಟ್ಟ ಮಗಳಿಗೊಂದು ಪತ್ರ

ಧಾರವಾಡ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನೆ ಫೋನಿನ್ಯಾಗ ದನಿ ಏರಿಸಿ ಮಾತಾಡಿದೆ. ಮನಸ್ಸಿಗೆ ಹಚ್ಕೋಬ್ಯಾಡ ಅವ್ವಿ. ಟೆನಿಸ್ ಅಕಾಡೆಮಿ ಬಿಟ್ಟೀನಿ, ಇನ್ನ ಮ್ಯಾಲೆ ಕೋರ್ಟು, ಜೋಡಿ ಆಡಿ ಪ್ರ್ಯಾಕ್ಟೀಸ್ ಕೊಡೂ ಹಿಟ್ಟಿಂಗ್ ಪಾರ್ಟ್ನರ್, ವಿಡಿಯೋ ನೋಡಿ ಕಲಿಸೂ ಕೋಚ್ ಎಲ್ಲಾ ನಾನ ನೋಡ್ಕೋತೀನಿ ಅಂತ ನೀ ಒಂದ ಉಸುರಿನ್ಯಾಗ ಅಂದುಬಿಟ್ಟಿ. ನನಗ ಮಾತಿಗಿಂತ ಮೊದಲ ಸಿಟ್ಟು ಬಂತು. ರಾತ್ರಿ ನಿಮ್ಮವ್ವ, ‘ಬಾಯಿಲೆ ಹೇಳೂದು ನಿಮಗ ಆಗೂದಿಲ್ಲ, ಬರೀರಿ’ ಅಂದಳು. ಬರ್ಯಾಕ ಕುಂತೀನಿ.

ಸಣ್ಣಾಕಿ ಇದ್ದಾಗಿನಿಂದ ಏನೇನು ಆತು ಅನ್ನೂದು ಇಬ್ಬರಿಗೂ ಗೊತ್ತೈತಿ, ಅದು ಇರಲಿ. ಫೆಡರರ್, ಸಿನ್ನರ್ ಅಂಥವರ ಕೋಚ್‌ನ ಬಿಟ್ಟು ಗೆದ್ದಾರ ಅಂತ ನೀ ಅಂದಿ, ಅದಕ್ಕ ಉತ್ತರ ಕೊಡತೀನಿ. 2004ರಾಗ ಫೆಡರರ್ ಕೋಚ್ ಇಲ್ಲದ ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದಾನ, ಖರೇ. ಆದ್ರ ಅದರ ಹಿಂದಿನ ವರ್ಷನ ಆತ ವಿಂಬಲ್ಡನ್ ಗೆದ್ದಿದ್ದ. ಕೋಚ್ ಲುಂಡ್‌ಗ್ರೆನ್‌ನ ಬಿಟ್ಟರೂ ಫಿಟ್ನೆಸ್ ನೋಡೂ ಪಿಯರ್ ಪಗನಿನಿನ್ನ ಬಿಟ್ಟಿರಲಿಲ್ಲ. ಇಟಲಿಯ ಸಿನ್ನರ್ ಸುದ್ದಿನೂ ಹಂಗ. ಹುಡುಗ ಇದ್ದಾಗಿಂದ ಕಲಿಸಿದ ಕೋಚ್ ಪಿಯಾಟಿನ್ನ 2022ರಾಗ ಬಿಟ್ಟ, ಮಂದಿ ಏನೇನೋ ಅಂದ್ರು. ಅದ ವರ್ಷ ಮೊದಲ ವಾನ್ಯೋಝಿ, ಆಮ್ಯಾಲೆ ಡ್ಯಾರೆನ್ ಕೇಹಿಲ್, ಇಬ್ಬರು ಹೊಸ ಕೋಚ್‌ಗಳನ್ನ ಕೂಡಿಸ್ಕೊಂಡ, 2024ರಾಗ ಆಸ್ಟ್ರೇಲಿಯನ್ ಓಪನ್ ಕಪ್ ಎತ್ತಿದ. ಅವರು ಬಿಟ್ಟದ್ದನ್ನ ಅಷ್ಟ ನೀ ಹೇಳತಿ, ಹಿಡದದ್ದನ್ನ ಹೇಳೂದಿಲ್ಲ.

ದೊಡ್ಡ ಅಕಾಡೆಮಿನ ಬೇಕು ಅಂತ ನನ್ನ ಹಟ ಅಲ್ಲ. ನಡಾಲ್ ಹದಿನಾಲ್ಕರ ಹುಡುಗ ಇದ್ದಾಗ ಬಾರ್ಸಿಲೋನಾಕ್ಕ ಬಾ ಅಂತ ಅವರ ಫೆಡರೇಷನ್ ಕರದಿತ್ತು. ಮನಿಯವರು ಒಲ್ಲೆ ಅಂದ್ರು. ಮನಕೋರ್ ಅನ್ನೂ ತನ್ನ ಊರಾಗನ, ಕಾಕಾ ಟೋನಿ ಕೈಯಾಗನ ಬೆಳದ. ಇಪ್ಪತ್ತು ಮೂವತ್ತು ಮಕ್ಕಳಿಗೆ ಒಂದ ಅಳತಿ ಅಂಗಿ ಹೊಲದ್ರ ಯಾರಿಗೂ ಸರಿ ಕೂಡೂದಿಲ್ಲ ಅನ್ನೂದು ನನಗೂ ತಿಳೀತೈತಿ.

ನನ್ನ ತಲ್ಯಾಗ ತಿರಗೂದು ಬ್ಯಾರೇನ. ನಿನ್ನ ಬಲ ಭುಜ.

ಆ ಟೂರ್ನಿ ಮುಗಿಸಿ ನೀ ಮನಿಗೆ ಬಂದ ದಿನ. ಬಿಸಿ ರೊಟ್ಟಿ, ಎಣ್ಣಿಗಾಯಿ ಪಲ್ಲೆ. ಬಲಗೈ ಮೊಣಕೈನ ಪಕ್ಕಡಿಗೆ ಒತ್ತಿ ಹಿಡ್ಕೊಂಡು, ಎಡಗೈಲೆ ರೊಟ್ಟಿ ಹರದು ಬಲಗೈಯಾಗ ಇಟ್ಕೋತಿದ್ದಿ. ತುತ್ತು ಬಾಯಿಗೆ ಬರೂ ಬದಲಿ ಬಾಯೇ ತಾಟಿನ ಕಡೆ ಬಗ್ಗತಿತ್ತು. ಏನಾಗೇತಿ ಅಂದ್ರ ‘ಏನಿಲ್ಲಪ್ಪ’ ಅಂದಿ. ಮರುದಿನ ಅವ್ವನ ಮುಂದ ಕುಂತು ಜಡಿ ಹಾಕಿಸ್ಕೊಂಡಿ. ಎಷ್ಟೋ ವರ್ಷದಿಂದ ನಿನ್ನ ಜಡಿ ನೀನ ಹಾಕ್ಕೊಳ್ಳಾಕಿ. ಹುಬ್ಬಳ್ಳಿಗೆ ಕರಕೊಂಡು ಹೋದೆ. ಭುಜದ ಕೀಲು ಹಿಡದಿರೂ ಸ್ನಾಯು, ರೊಟೇಟರ್ ಕಫ್ ಅಂತಾರ, ಅದರಾಗ ಬಾವು, ಸರ್ವ್ ಮಾಡೂದು ಪೂರಾ ಬಂದ್ ಅಂದ್ರು ಡಾಕ್ಟರು. ಗುಳಿಗಿ ನುಂಗಿ ನುಂಗಿ ಆಡೀನಿ ಅಂತ ಅವರ ಮುಂದ ಬಾಯಿ ಬಿಟ್ಟಿ, ನನ್ನ ಮುಂದ ಅಲ್ಲ.

ನೋವಿದ್ದವರ ಆಟ ಬದಲಿ ಆಗತೈತಿ. ಸರ್ವ್ ಮಾಡಾಕ ಮ್ಯಾಲೆ ಎಸಿಯೂ ಚೆಂಡು, ಆ ಟಾಸ್ ಕೆಳಗ ಇಳೀತೈತಿ, ಕಾಲಿನ ಬಲ ಬರೂದಿಲ್ಲ, ಬರೇ ಕೈಲೆ ಹೊಡ್ಯಾಕ ಹತ್ತತಾರ. ಅಷ್ಟು ಮಂದಿ ಇದ್ದ ಅಕಾಡೆಮಿಯೊಳಗ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ‘ಅದಕ್ಕ ನಾ ಬಿಟ್ಟದ್ದಪ್ಪ’ ಅಂತ ನೀ ಅಂತಿ. ಅನ್ನು, ಒಪ್ಪತೀನಿ. ಆದ್ರ ಇನ್ನ ಮ್ಯಾಲೆ ಯಾರ ಕಣ್ಣಿಗೆ ಬೀಳತೈತಿ? ಹಿಟ್ಟಿಂಗ್ ಪಾರ್ಟ್ನರ್ ನೀ ಹೇಳಿದ ಕಡೆ ಚೆಂಡು ಕಳಸಾಂವ. ವಿಡಿಯೋ ನೋಡಿ ಕಲಿಸೂ ಕೋಚ್‌ಗ ನಿನ್ನ ಫೋರ್‌ಹ್ಯಾಂಡ್ ಕಾಣತೈತಿ, ನೀ ರೊಟ್ಟಿ ಹರಿಯೂದು ಕಾಣೂದಿಲ್ಲ. ಎಲ್ಲಾರಿಗೂ ಪಗಾರ ಕೊಡಾಕಿ ನೀನು. ಇವತ್ತ ಆಡಬ್ಯಾಡ, ಮನಿಗೆ ಹೋಗು ಅಂತ ನಿನಗ ಹೇಳಾಕ ಅವರಿಗೆ ಬಾಯಿ ಹ್ಯಾಂಗ ಬರಬೇಕು?

ಬ್ರಿಟನ್ನಿನ ಎಮ್ಮಾ ರಾಡುಕಾನು 2021ರಾಗ ಕ್ವಾಲಿಫೈಯರ್ ಆಗಿ, ಅಂದ್ರ ಮೊದಲ ಅರ್ಹತಾ ಸುತ್ತು ಆಡಿ ಗೆದ್ದು ಒಳಗ ಬಂದು ಯುಎಸ್ ಓಪನ್ ಗೆದ್ದಳು. ಆಮ್ಯಾಲೆ ಒಬ್ಬರಾದ ಮ್ಯಾಲೆ ಒಬ್ಬ ಕೋಚ್. 2023ರಾಗ ಎರಡೂ ಕೈ, ಒಂದು ಕಾಲು ಆಪರೇಷನ್. ಕೋಚ್ ಬದಲಿ ಮಾಡಿದ್ದಕ್ಕ ಹಿಂಗಾತು ಅಂತ ನಾ ಅನ್ನೂದಿಲ್ಲ. ಇಪ್ಪತ್ತರ ಹುಡುಗಿ ಅಂತ ಓದಿದಾಗ ನನಗ ನಿನ್ನ ಮಾರಿ ಕಂಡಿತು, ಅಷ್ಟ.

2023ರಾಗ ನಮ್ಮೂರಾಗ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ (ಐಟಿಎಫ್) ಟೂರ್ನಿ ಆದಾಗ ಇಬ್ಬರೂ ಕೂಡಿ ನೋಡಾಕ ಹೋಗಿದ್ವಿ. ಕೋಚ್ ಇಲ್ಲದ, ತಮ್ಮ ಚೀಲ ತಾವ ಹೊತ್ಕೊಂಡು ಬಂದ ಹುಡುಗರನ್ನ ನೀ ಕಣ್ಣು ಕೀಳದ ನೋಡಾಕ ಹತ್ತಿದ್ದಿ. ಅವಾಗನ ನನಗ ತಿಳೀಬೇಕಿತ್ತೇನೋ. ರೊಕ್ಕದ ಕಷ್ಟ ನಾ ಹೇಳೂದು ಬ್ಯಾಡ. ಅದ ವರ್ಷ ದೇಶದ ನಂಬರ್ ಒನ್ ಸುಮಿತ್ ನಗಾಲ್, ಬ್ಯಾಂಕಿನ್ಯಾಗ 900 ಯೂರೋ ಉಳದಾವ ಅಂದದ್ದು ನೀನ ನನಗ ಓದಿ ಹೇಳಿದ್ದಿ.

ನಮ್ಮ ಭೀಮಸೇನ ಜೋಶಿಯವರೂ 11 ವರ್ಷದ ಹುಡುಗ ಇದ್ದಾಗ ಗದಗಿನಿಂದ ಮನಿ ಬಿಟ್ಟು ಹ್ವಾದವರು. ಗ್ವಾಲಿಯರ್, ಜಲಂಧರ್ ಎಲ್ಲಾ ತಿರಗಿದ್ರು. ತಿರಗಿದ್ದು ಗುರು ಬೇಕು ಅಂತ. ಕಡೀಕ ಸಿಕ್ಕದ್ದು ಇಲ್ಲೇ ಕುಂದಗೋಳದಾಗ, ಸವಾಯಿ ಗಂಧರ್ವರ ಮನ್ಯಾಗ. ಮತ್ತ ಭಾಷಣಾ ಶುರು ಮಾಡಿದ್ರಿ ಅನ್ನಬ್ಯಾಡ, ಇದೊಂದು ಕೇಳು.

ನೀ ಕಳಿಸಿದ ಖರ್ಚಿನ ಪಟ್ಟಿ ನೋಡಿದೆ. ಕೋರ್ಟ್ ಬಾಡಿಗಿ, ಚೆಂಡು, ರ‍್ಯಾಕೆಟ್ಟಿನ ಸ್ಟ್ರಿಂಗ್, ರೈಲು, ರೂಮು, ಎಲ್ಲಾ ತಿಂಗಳವಾರು. ಬ್ಯಾಂಕಿನ್ಯಾಗ ಜನ್ಮ ಕಳದಾಂವ ನಾನು, ಕೂಡಿಸಿ ನೋಡಿದೆ, ಒಂದು ರೂಪಾಯಿ ಹೆಚ್ಚುಕಡಿಮಿ ಇಲ್ಲ. ಹತ್ತೊಂಬತ್ತಕ್ಕ ನನಗ ಇಂಥಾ ಲೆಕ್ಕ ಬರತಿದ್ದಿಲ್ಲ. ಎದುರು ಮನಿಯವರಿಗೂ ಒಯ್ದು ತೋರಿಸಿ ಬಂದೆ. ಆದ್ರ ಅದರಾಗ ಫಿಜಿಯೋ ಅಂತ ಒಂದು ಸಾಲಿಲ್ಲ. ಅದನ್ನ ಸೇರಸು. ಆ ರೊಕ್ಕಾ ನಾ ಕೊಡತೀನಿ, ನಿನ್ನ ಲೆಕ್ಕದಾಗ ಹಿಡೀಬ್ಯಾಡ. ನಿನ್ನ ಪಗಾರ ತಗೊಳ್ಳದ ಇರೂ ಒಬ್ಬರು ನಿನ್ನ ಭುಜ ಮುಟ್ಟಿ ನೋಡಬೇಕು. ಯಾರು ಅಂತ ಗೊತ್ತಾದ ಕೂಡಲೇ ನಂಬರ್ ಕಳಸು. ನೀ ಬ್ಯಾಡ ಅಂದ್ರೂ ನಾ ಅವರ ಜೋಡಿ ಮಾತಾಡಾಂವ.

ಇಂತಿ,
ನಿನ್ನ ಅಪ್ಪ