‘ಬ್ರೇಕ್’ ಒಂದೇ, ತಗಾಲಗ್‌ನಲ್ಲಿ ಹಲವು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಭಾಷಾ ಅಂಕಣಗಳಲ್ಲೂ ಕಿರುನಿಘಂಟುಗಳಲ್ಲೂ ಒಂದು ಇಂಗ್ಲಿಷ್ ಪದದ ಮುಂದೆ ನಾಲ್ಕೈದು ಸಮಾನಪದಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಕೊಟ್ಟುಬಿಡುವ ರೂಢಿಯಿದೆ. ಯಾವ ಪದ ಯಾವ ವಸ್ತುವಿಗೆ ಸಲ್ಲುತ್ತದೆಂದು ತಿಳಿಸದ ಇಂಥ ಪಟ್ಟಿ ಕಲಿಯುವವರನ್ನು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಫಿಲಿಪ್ಪೀನ್ಸ್‌ನ ತಗಾಲಗ್ ಭಾಷೆಯಲ್ಲಿ ಇಂಗ್ಲಿಷ್‌ನ ‘ಬ್ರೇಕ್’ (ಒಡೆ, ಮುರಿ) ಎಂಬ ಕ್ರಿಯಾಪದಕ್ಕಿರುವ ರೂಪಗಳನ್ನು ನೋಡಬಹುದು.

ಲೋಟ, ತಟ್ಟೆಗಳಿಗೆ ಅಲ್ಲಿ ‘ಬಾಸಗ್’ ಎಂಬ ಧಾತು. ಮೂಳೆಗೂ ಕೊಂಬೆಗೂ ‘ಬಾಲಿ’. ದಾರ, ಹಗ್ಗಗಳಿಗೆ ‘ಪತಿದ್’ ಅಥವಾ ‘ಲಗೋತ್’. ಕೆಟ್ಟು ನಿಂತ ಯಂತ್ರಕ್ಕೆ ‘ಸಿರಾ’. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ನಮ್ಮಲ್ಲೂ ಲೋಟ ಒಡೆಯುತ್ತದೆ, ಕೊಂಬೆ ಮುರಿಯುತ್ತದೆ, ಹಗ್ಗ ಹರಿಯುತ್ತದೆ, ಯಂತ್ರ ಕೆಡುತ್ತದೆ. ಆದರೆ ಈ ಹೊಂದಾಣಿಕೆಯನ್ನು ಬಹಳ ದೂರ ನಂಬುವಂತಿಲ್ಲ. ಕಾನೂನನ್ನು ನಾವು ಮುರಿಯುತ್ತೇವೆ, ತಗಾಲಗ್ ಮಾತನಾಡುವವರು ಅದಕ್ಕೆ ‘ಲುಮಾಬಗ್’ ಎಂಬ ಬೇರೆಯೇ ಪದ ಬಳಸುತ್ತಾರೆ. ನಾವು ಕೊಟ್ಟ ಮಾತಿಗೆ ‘ತಪ್ಪಿದರೆ’, ಅವರು ಯಂತ್ರಕ್ಕೆ ಹೇಳುವ ‘ಸಿರಾ’ವನ್ನೇ ಮಾತಿಗೂ ಅನ್ವಯಿಸುವುದುಂಟು. ಬೆಳಗಾಗುವುದಕ್ಕೆ ಇಂಗ್ಲಿಷ್‌ನಲ್ಲಿ ಇದೇ ‘ಬ್ರೇಕ್’ ಬಂದರೆ, ಅವರದು ‘ಬುಕಂಗ್ ಲಿವಾಯ್‌ವಾಯ್’, ಅಂದರೆ ಅರುಣೋದಯ ತೆರೆದುಕೊಳ್ಳುವುದು.

ಇದಕ್ಕಿಂತ ಸೂಕ್ಷ್ಮವಾದುದು ಧಾತುವಿಗೆ ಸೇರುವ ಪ್ರತ್ಯಯಗಳ ಕೆಲಸ. ಒಬ್ಬಾತ ಲೋಟವನ್ನು ಬೇಕೆಂದೇ ಒಡೆದಿದ್ದರೆ ‘ಬಿನಾಸಗ್’, ಅರಿಯದೆ ಒಡೆದಿದ್ದರೆ ‘ನಬಾಸಗ್’. ಇಂಗ್ಲಿಷ್‌ನ ‘ಬ್ರೋಕ್’ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಕನ್ನಡದಲ್ಲಿ ‘ಒಡೆದ’ ಎನ್ನುವುದಕ್ಕೂ ‘ಅವನ ಕೈಯಿಂದ ಒಡೆದುಹೋಯಿತು’ ಎನ್ನುವುದಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅದೇ. ನ್ಯಾಯಾಲಯದ ಹೇಳಿಕೆಯೊಂದನ್ನು ಅನುವಾದಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಇಂಗ್ಲಿಷ್ ಅಲ್ಲಿಯ ಅಧಿಕೃತ ಭಾಷೆಗಳಲ್ಲೊಂದು. ಹಾಗಾಗಿ ಪ್ರೇಮಿಗಳು ದೂರವಾದರೆ, ‘ಹಿವಲಾಯ್’ ಎಂಬ ಸ್ವಂತ ಪದವಿದ್ದರೂ, ‘ನಗ್-ಬ್ರೇಕ್’ ಎನ್ನುವುದು ಆಡುಮಾತಿನಲ್ಲಿ ಸಾಮಾನ್ಯ. ಎರವಲು ಪದಕ್ಕೂ ತಮ್ಮದೇ ಪ್ರತ್ಯಯ ತೊಡಿಸುವ ಈ ಸಲೀಸು ನನಗಂತೂ ಮೆಚ್ಚುಗೆಯಾಗಿದೆ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ಪದಗಳ ಅರ್ಥಗಳನ್ನು ಪ್ರಕಟಿಸುವಾಗ ಬಿಡಿ ಕ್ರಿಯಾಪದದ ಬದಲು ‘ಹಗ್ಗ ಹರಿ’, ‘ಮೂಳೆ ಮುರಿ’ ಎಂಬಂತೆ ಜೋಡಿಯಾಗಿಯೇ ಅಚ್ಚುಮಾಡಬೇಕೆಂದು ಕೋರುತ್ತೇನೆ. ಸ್ಥಳ ಸಾಲದಿದ್ದರೆ ಐದು ಅರ್ಥಗಳ ಬದಲು ಎರಡನ್ನೇ ಕೊಡಿ, ಅಭ್ಯಂತರವಿಲ್ಲ.

ಇತಿ,
ಓರ್ವ ಓದುಗ