ನಂಜಮ್ಮ, ಬ್ರೈಡಿ ಮತ್ತು ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಾನು ಸುಮ್ಮನಾಗಿಬಿಟ್ಟೆ, ಅಲ್ವಾ? ಕೋಪ ಏನೂ ಇಲ್ಲ. ಹೆಣ್ಣು ಮಗುವಾದರೆ ಬ್ರೈಡಿ ಅಂತ ಹೆಸರಿಡುತ್ತೇವೆ ಅಂದೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ತೊಟ್ಟಿಲ ಮಗುವಲ್ಲ, ದಿಂಬಿನ ಕೆಳಗೆ ಜಪಮಾಲೆ, ಲೋಟದಲ್ಲಿ ಹಲ್ಲಿನ ಸೆಟ್ಟು ಇಟ್ಟುಕೊಂಡ ಅಜ್ಜಿ.

ಐರ್ಲೆಂಡಿನ ಈ ಕಾರ್ಕ್‌ಗೆ ಬಂದಾಗಿನಿಂದ ನಾನು ವೃದ್ಧರನ್ನೇ ನೋಡಿಕೊಂಡವಳು. ಐರಿಷ್ ಹೆಸರುಗಳನ್ನು ಕಲಿತದ್ದೇ ಅವರ ರೂಮಿನ ಬಾಗಿಲುಗಳ ಮೇಲೆ. ಬ್ರೈಡಿ, ನೋರಾ, ಕ್ಯಾಥ್ಲೀನ್, ಫಿಲೊಮಿನಾ, ಜೆರಮಾಯ, ಕಾರ್ನೀಲಿಯಸ್. ನನ್ನ ತಲೆಯಲ್ಲಿ ಇವೆಲ್ಲ ಮುದುಕರ ಹೆಸರು. ಆದರೆ ಹೋದ ತಿಂಗಳು ಡ್ಯೂಟಿಗೆ ಸೇರಿದ ಹುಡುಗಿ ಮಗಳ ಫೋಟೋ ತೋರಿಸಿದಳು. 2 ವರ್ಷದ ಕೂಸು, ಹೆಸರು ನೋರಾ! ಇನ್ನೊಬ್ಬಳ ಮೊಮ್ಮಗಳು ಸೇಡಿ. ನಮ್ಮ ಬಾಗಿಲ ಮೇಲಿನ ಹೆಸರುಗಳು ಒಂದೊಂದಾಗಿ ಎದ್ದು ಶಿಶುವಿಹಾರಕ್ಕೆ ಹೊರಟ ಹಾಗಿದೆ.

ಎಲ್ಲ ಹಳೇ ಹೆಸರಿಗೂ ಈ ಭಾಗ್ಯ ಇಲ್ಲ ನೋಡು. ನನ್ನ ಜೊತೆ ಒಬ್ಬರಿದ್ದಾರೆ, ಅಸಂಪ್ಟಾ. ಮೇರಿ ಮಾತೆ ಸ್ವರ್ಗಕ್ಕೆ ಏರಿದ್ದರ ನೆನಪಿಗೆ ಇಡುವ ಹೆಸರು. 1950ರಲ್ಲಿ ಮರಿಯಾ ಗೊರೆಟ್ಟಿ ಸಂತಳಾದಳು, 1954ನ್ನು ಚರ್ಚು ಮೇರಿ ಮಾತೆಯ ವರ್ಷ ಅಂತ ಆಚರಿಸಿತು. ಆ ಕಾಲದಲ್ಲಿ ಹುಟ್ಟಿದ ಗೊರೆಟ್ಟಿ, ಮರಿಯನ್, ಕನ್ಸೆಪ್ಟಾ, ಜಸಿಂಟಾಗಳು ಈಗ ಎಲ್ಲ ಮನೆಯ ಅತ್ತೆ, ಚಿಕ್ಕಮ್ಮಂದಿರು. 'ನನ್ನ ಹೆಸರನ್ನು ಈಗ ಯಾರೂ ಬೆಕ್ಕಿಗೂ ಇಡಲ್ಲ' ಅಂತ ಅಸಂಪ್ಟಾ ನಗುತ್ತಾರೆ. ಮುತ್ತಜ್ಜಿಯ ಹೆಸರು ಮುದ್ದು, ಅತ್ತೆಯ ಹೆಸರು ಹಳಸಲು. ನನ್ನ 'ಸುಜಾತಾ' ಕೂಡ ಅದೇ ಸಾಲಿನದು ಬಿಡು. ನಮ್ಮ ಕ್ಲಾಸಿನಲ್ಲಿ 4 ಜನ ಇದ್ದೆವು. ಈಗ ಮೈಸೂರಿನಲ್ಲಿ ಒಂದು ಮಗುವಿಗೂ ಆ ಹೆಸರಿಟ್ಟದ್ದು ನಾನು ಕೇಳಿಲ್ಲ.

ಮೇರಿಯ ಕಥೆ ಇನ್ನೂ ಮಜಾ. 1964ರಲ್ಲಿ ಈ ದೇಶದಲ್ಲಿ ಹುಟ್ಟಿದ ಹೆಣ್ಣು ಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಅದೇ. 1990ರಿಂದ 2011ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದ ಇಬ್ಬರೂ ಮೇರಿಗಳೇ, ರಾಬಿನ್ಸನ್ ಮತ್ತು ಮ್ಯಾಕ್‌ಅಲೀಸ್. ಈಗಿನ ಪಟ್ಟಿಯಲ್ಲಿ ಅವಳನ್ನು ಮೇಲುಗಡೆ ಹುಡುಕಬೇಡ. 2021ರಲ್ಲಿ ಮೊದಲ ಸ್ಥಾನ ಫೀಯ ಅನ್ನುವ ಹೆಸರಿಗೆ ಹೋಯಿತು. ಪದ ಹಳೇ ಐರಿಷ್, ಜಿಂಕೆ, ಪಳಗದ ಕಾಡಿನದು ಅನ್ನುವ ಅರ್ಥ. ಆದರೆ ನನ್ನ ಬಾಗಿಲುಗಳಲ್ಲಿ ಒಬ್ಬ ಫೀಯ ಅಜ್ಜಿಯನ್ನೂ ನಾನು ಕಂಡಿಲ್ಲ. ನಮ್ಮ ಆದ್ಯಾ, ಆರಾಧ್ಯಾಗಳ ಹಾಗೆ. ಕೇಳಿದರೆ ವೇದದ ಕಾಲದಿಂದ ಬಂದ ಹಾಗಿರುತ್ತದೆ, ಮನೆಯ ಯಾವ ಮುದುಕಿಗೂ ಇರುವುದಿಲ್ಲ.

ಗಂಡಸರ ಹೆಸರಿನಲ್ಲಿ ಬೇರೆ ಲೆಕ್ಕ. ಕಾರ್ಕ್, ಕೆರಿ ಕಡೆ ಮನೆಯಲ್ಲಿ ಟೈಗ್ ಅಂತ ಕರೆದರೂ ಕಾಗದದಲ್ಲಿ ತಿಮೋತಿ ಅಂತ ಬರೆಸುತ್ತಿದ್ದರು. ಡಿಯರ್‌ಮಿಡ್‌ಗೆ ಜೆರಮಾಯ. ಈಗ ಟೈಗ್ ವಾಪಸ್ ಬಂದಿದ್ದಾನೆ, ತಿಮೋತಿ ಮೂಲೆ ಸೇರಿದ್ದಾನೆ.

ನಿನ್ನ ಎರಡನೇ ಆಯ್ಕೆ ಪೆಗ್ ಅಂದೆ. ನಿನ್ನ ಗಂಡ ಶಾನ್ ಕಡೆಯವರು ಡಿಂಗಲ್‌ನವರು, ಸರಿ. ಆದರೆ ಅಲ್ಲೇ ಎದುರಿನ ಬ್ಲಾಸ್ಕೆಟ್ ದ್ವೀಪದ ಪೆಗ್ ಸೇಯರ್ಸ್ ಹೇಳಿ ಬರೆಸಿದ ಆತ್ಮಕಥೆ ಇಲ್ಲಿನ ಶಾಲೆಗಳಲ್ಲಿ ದಶಕಗಟ್ಟಲೆ ಐರಿಷ್ ಪಠ್ಯವಾಗಿತ್ತು. ಆ ಹೆಸರು ಹೇಳಿದರೆ ಐವತ್ತು ದಾಟಿದವರ ಮುಖ ಇಂದಿಗೂ ಪರೀಕ್ಷೆಯ ಹಿಂದಿನ ರಾತ್ರಿಯ ಹಾಗಾಗುತ್ತದೆ. ನಮ್ಮೂರಲ್ಲಂತೂ ಪೆಗ್ ಅಂದರೆ ಏನು ಅಂತ ನಿನಗೇ ಗೊತ್ತು.

ಬ್ರೈಡಿಗೆ ಬರುತ್ತೇನೆ. ಬ್ರಿಜಿಡ್ ಅನ್ನುವುದರ ಮುದ್ದಿನ ರೂಪ ಅದು. ಬ್ರಿಜಿಡ್ ಅಂದರೆ ಕಿಲ್ಡೇರ್‌ನ ಸಂತಳು. 2023ರಿಂದ ಫೆಬ್ರವರಿಯಲ್ಲಿ ಅವಳ ಹೆಸರಿನ ಸರ್ಕಾರಿ ರಜೆಯೇ ಇದೆ. ಆದರೆ ಅಮೆರಿಕಕ್ಕೆ ಮನೆಗೆಲಸಕ್ಕೆ ಹೋದ ಐರಿಷ್ ಹುಡುಗಿಯರನ್ನೆಲ್ಲ ಅಲ್ಲಿನವರು 'ಬ್ರಿಜೆಟ್', 'ಬಿಡ್ಡಿ' ಅಂತಲೇ ಕರೆದರು. ಕೆಲವರು ನಾಚಿಕೊಂಡು ಡೀಲಿಯಾ, ಬರ್ತಾ ಆದರು. ಇಂದಿಗೂ ಹರಟೆಮಲ್ಲಿ ಮುದುಕಿಗೆ 'ಬಿಡ್ಡಿ' ಅನ್ನುತ್ತಾರೆ. ಹೆಸರು ಹೇಳಿದಾಗ ನಿನ್ನ ಅತ್ತೆ 'ಓ, ನಮ್ಮಜ್ಜಿಯ ಹೆಸರು' ಅಂದು ಟೀ ಮಾಡಲು ಎದ್ದರು ಅಂದೆಯಲ್ಲ. ನೀನು ಅದನ್ನು ಖುಷಿ ಅಂದುಕೊಂಡೆ. ಇರಬಹುದು. ಇಲ್ಲಿನವರು ಮಗುವಿನ ಹೆಸರು ಚೆನ್ನಾಗಿಲ್ಲ ಅಂತ ಎದುರಿಗೆ ಹೇಳಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ. ಟೀ ಮಾಡಲು ಏಳುತ್ತಾರೆ.

ಇಂಥ ಮೌನ ನನಗೆ ಹೊಸದಲ್ಲ. ಇಲ್ಲಿಯವರೆಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. 1996ರಲ್ಲಿ ತೊಟ್ಟಿಲಲ್ಲಿ ನಿನ್ನ ಕಿವಿಯಲ್ಲಿ ಹೇಳಿದ ಹೆಸರು ನಂಜಮ್ಮ. ನಮ್ಮತ್ತೆಯ ಹೆಸರು. ನಂಜನಗೂಡಿನ ನಂಜುಂಡೇಶ್ವರ ಮನೆದೇವರು, ಮೊದಲ ಹೆಣ್ಣು ಕೂಸು, ಮಾತಿಗೆ ಜಾಗವೇ ಇರಲಿಲ್ಲ. ಇಲ್ಲೂ ಹಿಂದೆ ಹಾಗೇ ಇತ್ತಂತೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು. ಅತ್ತೆಯ ಹೆಸರು ಹಿಡಿದು ಸೊಸೆ ಮಗುವನ್ನು ಗದರುವುದುಂಟೇ? ಹಾಗಾಗಿ ನೀನು ಪುಟ್ಟಿಯಾದೆ.

ಶಾಲೆಗೆ ಸೇರಿಸುವ ದಿನ ಫಾರಂನಲ್ಲಿ ನಾನು 'ನಿಶಾ' ಅಂತ ಬರೆದೆ. ನಂಜಮ್ಮ ಅಂದರೆ ಸೊಪ್ಪು ಮಾರುವ ಮುದುಕಿ ಅನ್ನಿಸಿಬಿಟ್ಟಿತ್ತು ನನಗೆ. ಸಂಜೆ ನಿಮ್ಮಜ್ಜಿಗೆ ಹೇಳಿದೆ. ಅವರು 'ಓದೋಕೆ ಸುಲಭ, ಒಳ್ಳೇದಾಯ್ತು ಬಿಡು' ಅಂದು ಒಲೆ ಮುಂದೆ ಹೋಗಿ ಕೂತರು. ಆಮೇಲೆ ಅದರ ಮಾತೇ ಎತ್ತಲಿಲ್ಲ. ತೀರಿಕೊಳ್ಳುವವರೆಗೆ ನಿನ್ನನ್ನು ಪುಟ್ಟಿ ಅಂತಲೇ ಕರೆದರು, ನಿಶಾ ಅಂತ ಒಂದು ಸಲವೂ ಇಲ್ಲ.

ಅದಕ್ಕೇ, ನಿನ್ನ ಅತ್ತೆಯ ಹತ್ತಿರ ಒಂದು ಸಂಜೆ ಕೂತು ಅವರಜ್ಜಿಯ ಬಗ್ಗೆ ಕೇಳು. ಹೇಗಿದ್ದರು, ಎಲ್ಲಿ ಕೆಲಸ ಮಾಡಿದರು, ಆ ಹೆಸರನ್ನು ಅವರೇ ಇಷ್ಟಪಡುತ್ತಿದ್ದರಾ ಅಂತ. ಟೀ ನೀನೇ ಮಾಡು, ಅವರಿಗೆ ಏಳಲು ಬಿಡಬೇಡ. ಜನನ ನೋಂದಣಿಗೆ 3 ತಿಂಗಳು ಟೈಮ್ ಇದೆ, ಅವಸರ ಇಲ್ಲ.

ಅಂಟಿನುಂಡೆಗೆ ಅಂಟು, ಕೊಬ್ಬರಿ ಎಲ್ಲ ಊರಿಂದ ಬಂದಿದೆ. ಗಂಡಾದರೆ ಟೈಗ್ ಅಂತ ಇಡಿ, ನಮ್ಮೂರಲ್ಲಿ ಹುಲಿ ಅಂತ ಕರೆದುಕೊಳ್ಳುತ್ತಾರೆ.

ನಿನ್ನ
ಅಮ್ಮ