ಮಳೆಗಾಲಕ್ಕೆ ಮುನ್ನ ನಾಯಿ, ಬೆಕ್ಕುಗಳ ತಪಾಸಣೆ ನಡೆಯಲಿ

ಮಾನ್ಯ ಸಂಪಾದಕರೇ,

ಪಶುಸಂಗೋಪನಾ ಇಲಾಖೆ ನಡೆಸುವ ರೇಬೀಸ್ ಲಸಿಕಾ ಶಿಬಿರಗಳಿಗೆ ಉಡುಪಿ ಜಿಲ್ಲೆಯ ಜನರು ತಮ್ಮ ನಾಯಿಗಳನ್ನು ಶ್ರದ್ಧೆಯಿಂದ ಕರೆತರುವುದು ಸಂತೋಷದ ಸಂಗತಿ. ಆದರೆ ಲಸಿಕೆ ಹಾಕಿಸಿಕೊಂಡು ಹೋದ ನಾಯಿ ಮತ್ತೆ ವೈದ್ಯರ ಬಳಿಗೆ ಬರುವುದು ಅನ್ನ ಬಿಟ್ಟು ಮೂಲೆ ಹಿಡಿದಾಗಲೇ. ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಅದೂ ಇಲ್ಲ. ಕಾಯಿಲೆ ಇಲ್ಲದಿರುವಾಗಲೇ ಇವುಗಳ ತಪಾಸಣೆ ಮಾಡಿಸಬೇಕು, ನಮ್ಮ ಕರಾವಳಿಯಲ್ಲಿ ಅದು ಮಳೆಗಾಲಕ್ಕೆ ಮೊದಲೇ ಆಗಬೇಕು ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮರಿಗಳ ಬಗ್ಗೆ ಜನರಲ್ಲಿ ಸಾಕಷ್ಟು ಕಾಳಜಿ ಇದೆ. ಆರರಿಂದ ಎಂಟು ವಾರಗಳ ಪ್ರಾಯದಲ್ಲಿ ಆರಂಭಿಸಿದ ಲಸಿಕೆಗಳನ್ನು ಮೂರು–ನಾಲ್ಕು ವಾರಗಳಿಗೊಮ್ಮೆ ಮುಂದುವರಿಸಿ, 16 ವಾರ ತುಂಬಿದ ಮೇಲೂ ಒಂದು ಡೋಸ್ ಕೊಡಿಸಬೇಕೆಂಬುದನ್ನು ಮಾತ್ರ ನೆನಪಿಸುತ್ತೇನೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯು ಮೊದಲ ಡೋಸ್‌ಗಳ ಪರಿಣಾಮವನ್ನು ತಗ್ಗಿಸಬಲ್ಲದಾದ್ದರಿಂದ, ಅರ್ಧಕ್ಕೆ ನಿಲ್ಲಿಸಿದರೆ ವಾಂತಿ-ಭೇದಿಯಿಂದ ಮರಿಗಳ ಜೀವ ತೆಗೆಯಬಲ್ಲ ಪಾರ್ವೊ ವೈರಸ್ ರೋಗದ ಅಪಾಯ ಹಾಗೆಯೇ ಉಳಿಯುತ್ತದೆ.

ನಿರ್ಲಕ್ಷ್ಯ ಹೆಚ್ಚುವುದು ಒಂದು ವರ್ಷ ದಾಟಿದ ಮೇಲೆ. ರಾತ್ರಿ ಅಡಿಕೆ ತೋಟ ಕಾಯುವ ನಾಯಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರನ್ನೇ ತುಳಿಯುತ್ತದೆ, ಅದನ್ನೇ ಕುಡಿಯುತ್ತದೆ. ಇಲಿಜ್ವರವು ನಾಯಿಯ ಮೂತ್ರಪಿಂಡ ಮತ್ತು ಯಕೃತ್ತನ್ನು ಕೆಡಿಸುವುದಲ್ಲದೆ ಅದರ ಮೂತ್ರದ ಮೂಲಕ ಮನೆಯವರಿಗೂ ತಗಲಬಲ್ಲದು. ಇದರ ಲಸಿಕೆಯ ರಕ್ಷಣೆ ಸುಮಾರು ಒಂದು ವರ್ಷದ್ದು. ಮೊದಲ ಬಾರಿಗೆ ಕೊಡಿಸುವಾಗ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕಾಗುವುದರಿಂದ, ಏಪ್ರಿಲ್‌ನಲ್ಲೇ ಆರಂಭಿಸಿದರೆ ಮಳೆ ಹಿಡಿಯುವ ಮೊದಲು ನಿಶ್ಚಿಂತೆಯಿಂದ ಮುಗಿಸಬಹುದು. ಉಣ್ಣಿಗಳದ್ದು ಇನ್ನೊಂದು ಕಾಟ. ಕೆಂಪುಕಲ್ಲಿನ ನಾಯಿಗೂಡಿನ ಸಂದುಗಳಲ್ಲಿ ಮೊಟ್ಟೆಯಿಟ್ಟು ಹೆಚ್ಚುವ ಇವು ತರುವ ಜ್ವರವು ತಿಂಗಳುಗಟ್ಟಲೆ ಹೊರಗೆ ತೋರದೆ ಒಳಗಿದ್ದು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತಿರಬಹುದು. ಮೂಗಿನಲ್ಲಿ ರಕ್ತ ಬಂದ ಮೇಲೆ ಓಡುವ ಬದಲು, ಮೊದಲೇ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಇದು ಗೊತ್ತಾಗುತ್ತದೆ.

ತಪಾಸಣೆ ಎಂದರೆ ದೊಡ್ಡ ಯಂತ್ರಗಳ ಕೆಲಸವೇನೂ ಅಲ್ಲ. ಅನುಭವಿ ವೈದ್ಯರು ತುಟಿ ಎತ್ತಿ ಹಲ್ಲಿನ ಬುಡದ ಕಿಟ್ಟ ನೋಡುತ್ತಾರೆ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂದು ಗಮನಿಸುತ್ತಾರೆ. ಕಿವಿಯೊಳಗೆ ಮತ್ತು ಕಾಲ್ಬೆರಳುಗಳ ನಡುವೆ ಉಣ್ಣಿ ಹುಡುಕುತ್ತಾರೆ. ಎದೆಬಡಿತ ಕೇಳಿ, ಹೊಟ್ಟೆ ಮುಟ್ಟಿ, ತೂಕ ಬರೆದುಕೊಳ್ಳುತ್ತಾರೆ. ನಾಯಿ ಹುಷಾರಾಗಿದ್ದಾಗಿನ ಈ ವಿವರ ಕಾರ್ಡಿನಲ್ಲಿದ್ದರೆ, ಮುಂದೆ ಕಾಯಿಲೆ ಬಿದ್ದಾಗ ಏನು ಬದಲಾಗಿದೆ ಎಂಬುದು ವೈದ್ಯರಿಗೆ ಕೂಡಲೇ ತಿಳಿಯುತ್ತದೆ.

ಏಳು ವರ್ಷ ದಾಟಿದ ಪ್ರಾಣಿಗಳಿಗೆ, ದೊಡ್ಡ ಜಾತಿಯ ನಾಯಿಗಳಿಗೆ ಅದಕ್ಕೂ ಮೊದಲೇ, ಆರು ತಿಂಗಳಿಗೊಮ್ಮೆ ತಪಾಸಣೆ ಬೇಕು. ಬೆಕ್ಕು ತನ್ನ ನೋವನ್ನು ತೋರಗೊಡುವುದಿಲ್ಲ. ನಾಲ್ಕು ಕಿಲೋದ ಬೆಕ್ಕು 400 ಗ್ರಾಂ ಇಳಿದರೆ, ಅದು 60 ಕಿಲೋದ ಮನುಷ್ಯ ಆರು ಕಿಲೋ ಇಳಿದಂತೆ. ದಿನವೂ ಎತ್ತಿಕೊಳ್ಳುವವರ ಕೈಗೆ ಆ ವ್ಯತ್ಯಾಸ ಸಿಗುವುದಿಲ್ಲ. ಪ್ರಾಯವಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ಸಾಮಾನ್ಯ. ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗ ಸಾಮರ್ಥ್ಯ ಕುಂದಿದ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ ಏರುವುದರಿಂದ, ತೂಕ ಮತ್ತು ಮೂತ್ರ ಪರೀಕ್ಷೆಯ ದಾಖಲೆ ಮೊದಲಿನಿಂದಲೂ ಇರುವುದು ಅತ್ಯಗತ್ಯ. ಬಟ್ಟಲಿನ ನೀರು ಹಿಂದಿಗಿಂತ ಬೇಗ ಖಾಲಿಯಾಗುತ್ತಿದ್ದರೆ ಮನೆಯವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಆದ್ದರಿಂದ ಪ್ರತಿವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಪಶುಸಂಗೋಪನಾ ಇಲಾಖೆಯು ನಗರಸಭೆ ಮತ್ತು ಗ್ರಾಮ ಪಂಚಾಯತ್‌ಗಳ ಜತೆ ಸೇರಿ, ಲಸಿಕೆಗಷ್ಟೇ ಸೀಮಿತವಾಗದ ತಪಾಸಣಾ ಶಿಬಿರಗಳನ್ನು ನಡೆಸಬೇಕೆಂದು ವಿನಂತಿಸುತ್ತೇನೆ. ಪ್ರತಿಯೊಂದು ಪಶು ಆಸ್ಪತ್ರೆಯಲ್ಲೂ ಸಣ್ಣ ಪ್ರಾಣಿಗಳ ತೂಕದ ಯಂತ್ರವಿರಲಿ, ಪ್ರಾಯವಾದ ಪ್ರಾಣಿಗಳ ರಕ್ತ ಪರೀಕ್ಷೆ ತಾಲೂಕು ಮಟ್ಟದಲ್ಲೇ ದೊರೆಯಲಿ. ನಾಯಿಗಳ ಬೊಗಳಾಟಕ್ಕೆ ಹೆದರಿ ಬೆಕ್ಕುಗಳು ಬುಟ್ಟಿಯಿಂದ ಹಾರಿ ಓಡುವುದು ಸಾಮಾನ್ಯವಾದ್ದರಿಂದ, ಅವುಗಳಿಗೆ ವಾರದಲ್ಲಿ ಒಂದು ಬೆಳಗ್ಗೆಯನ್ನಾದರೂ ಪ್ರತ್ಯೇಕವಾಗಿ ಮೀಸಲಿಡಲಿ.

– ಓದುಗರೊಬ್ಬರು, ಉಡುಪಿ